ಹದಿನಾಲ್ಕು ದಿನದ ಮಾತ್ರೆ

ಅಮೂಲ್ಯಳ ಕಾಲಿನ ಕೆಂಪು ಚುಕ್ಕೆಗಳನ್ನು ಮೊದಲು ಕಂಡದ್ದು ಪಕ್ಕದ ಮನೆಯ ಶಾಂತಕ್ಕ. ಅಮೂಲ್ಯ ನನ್ನ ನಾದಿನಿ. ಹತ್ತೊಂಬತ್ತು ವರ್ಷ, ಆದೋನಿಯಲ್ಲೇ ಬಿ.ಕಾಂ. ಓದುತ್ತಾಳೆ. ಅವತ್ತು ಅಂಗಳದಲ್ಲಿ ನೆನೆಹಾಕಿದ ಕೌದಿಯನ್ನು ತುಳಿದು ಒಗೆಯಲು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದಳು.

"ಏನ ಅಮ್ಮೂ, ಆದೋನಿ ಸೊಳ್ಳಿ ಎಲ್ಲಾ ನಿನ್ನ ಕಾಲಾಗ ಸಂತಿ ಕೂಡ್ಯಾವೇನು?" ಎಂದು ಶಾಂತಕ್ಕ ಗೋಡೆಯಾಚೆಯಿಂದ ನಕ್ಕಳು.

ಅಮೂಲ್ಯ ಥಟ್ಟನೆ ಪ್ಯಾಂಟು ಇಳಿಸಿದಳು. ಒದ್ದೆ ಕೌದಿಯ ಮೇಲೆಯೇ ನಿಂತಿದ್ದರಿಂದ ಪ್ಯಾಂಟಿನ ಅಂಚೂ ಒದ್ದೆಯಾಯಿತು.

ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಆ ಚುಕ್ಕೆಗಳ ಪರಿಚಯ ನನಗಿತ್ತು. ಸೊಳ್ಳೆ ಕಚ್ಚಿದರೆ ಉಬ್ಬುತ್ತದೆ, ತುರಿಸುತ್ತದೆ. ಇವು ಉಬ್ಬುವುದಿಲ್ಲ. ಚರ್ಮದ ಕೆಳಗೆ ಸೂಜಿಯ ಮೊನೆಯಷ್ಟು ರಕ್ತ ನಿಂತಿರುತ್ತದೆ. ನನ್ನ ಗಂಡ ಸೋಮೇಶರ ಕಾಲಿನಲ್ಲಿಯೂ ಹೀಗೇ ಶುರುವಾಗಿತ್ತು. ಅವರು ಹೋಗಿ ಹತ್ತು ತಿಂಗಳಾಗಿತ್ತು.

ಅಮೂಲ್ಯಳನ್ನು ಒಳಗೆ ಕರೆದು ಗಾಜಿನ ಲೋಟದ ತಳವನ್ನು ಚುಕ್ಕೆಗಳ ಮೇಲೆ ಒತ್ತಿ ನೋಡಿದೆ. ಮಾಸಲಿಲ್ಲ. ಚರ್ಮದ ಕೆಳಗೆ ರಕ್ತ ನಿಂತಿದ್ದರೆ ಒತ್ತಿದರೂ ಮಾಸುವುದಿಲ್ಲ.

"ಎಷ್ಟು ದಿನ ಆತು?"

"ಹತ್ತು ದಿನ, ವದಿನಾ." ಮನೆಯಲ್ಲಿ ಕನ್ನಡವಾದರೂ ನನ್ನನ್ನು ಅವಳು ಅತ್ತಿಗೆ ಎನ್ನದೆ ತೆಲುಗಿನಲ್ಲಿ ವದಿನಾ ಅಂತಲೇ ಕರೆಯುವುದು.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹಿಂಗ ನೋಡತೀರಿ ಅಂತ."

ಹೇಗೆ ನೋಡುತ್ತಿದ್ದೆನೋ ನನಗೆ ಗೊತ್ತಾಗಲಿಲ್ಲ. ಅಂದೇ ರಕ್ತ ಪರೀಕ್ಷೆ ಮಾಡಿಸಿದೆ. ಪ್ಲೇಟ್‌ಲೆಟ್ ಮೂವತ್ತನಾಲ್ಕು ಸಾವಿರ. ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದದ್ದು.

ಅತ್ತೆ ಅಕ್ಕನಾಗಮ್ಮ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಆ ಬಗೆಯ ಕಾಗದದಲ್ಲಿ ಎಷ್ಟನೆಯ ಸಾಲು ನೋಡಬೇಕು ಅನ್ನುವುದು ಬರುತ್ತದೆ.

"ಕರ್ನೂಲಿಗೆ ಹೋಗಬೇಕ್ರಿ ಅತ್ತಿ," ಅಂದೆ.

"ಮತ್ತ ಆ ಡಾಕ್ಟರ ಹತ್ರ? ಒಬ್ಬನ್ನ ಕೊಟ್ಟದ್ದು ಸಾಲಲಿಲ್ಲೇನು?"

ಮರುದಿನ ಮೂವರೂ ಹೋದೆವು.

ಸೋಮೇಶರಿಗೆ ಮದುವೆಯಾದ ಎರಡನೆಯ ವರ್ಷ ಈ ಕಾಯಿಲೆ ಕಾಣಿಸಿತು. ಹತ್ತಿ ಖರೀದಿದಾರರ ಪರವಾಗಿ ಮಾಲು ಪರೀಕ್ಷಿಸುವುದು ಅವರ ಕೆಲಸ. ಹತ್ತಿ ತುಂಬಿ ಬಿಗಿದ ಅಂಡಿಗೆಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ನಡುವಿನ ಹತ್ತಿಯನ್ನು ಕಿತ್ತು ತೆಗೆದು, ಎರಡು ಹೆಬ್ಬೆರಳಿನ ನಡುವೆ ಎಳೆ ಬಿಡಿಸಿ ನೋಡುತ್ತಿದ್ದರು. ಮುಂಗೈ ಮೇಲೆ ನೇರಳೆ ಕಲೆಗಳು ಮೂಡಿದಾಗ ಅಂಡಿಗೆ ತರಚಿದ್ದು ಎಂದುಕೊಂಡೆವು. ಕಾಲಿನಲ್ಲಿ ಚುಕ್ಕೆ ಎದ್ದಾಗ ಮಾತ್ರ ಹೋದೆವು. ಆಗ ಅವರ ಪ್ಲೇಟ್‌ಲೆಟ್ ಲೆಕ್ಕ ನಲವತ್ತೊಂದು ಸಾವಿರ.

ಕರ್ನೂಲಿನ ಡಾಕ್ಟರ್ ಶ್ರಾವಣಿ ನಿಧಾನವಾಗಿ ವಿವರಿಸಿದ್ದರು. ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನೇ ಪರಕೀಯ ಎಂದು ತಿಳಿದು ನಾಶ ಮಾಡುತ್ತದೆ. ಕೆಲವರಲ್ಲಿ ಹೊಟ್ಟೆಯೊಳಗೆ ನೆಲೆಸಿದ ಒಂದು ಬ್ಯಾಕ್ಟೀರಿಯಾ ಈ ತಪ್ಪು ತಿಳಿವಳಿಕೆಗೆ ಕಾರಣ. ಪರೀಕ್ಷೆಯಲ್ಲಿ ಸೋಮೇಶರ ಹೊಟ್ಟೆಯಲ್ಲಿ ಅದು ಇತ್ತು. ಹದಿನಾಲ್ಕು ದಿನ ಆ್ಯಂಟಿಬಯೋಟಿಕ್ ಕೊಟ್ಟು ಅದನ್ನು ಕೊಂದರೆ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ಉಳಿದರ್ಧ ಜನಕ್ಕೆ ಬೇರೆ ದಾರಿ ನೋಡಬೇಕು.

ನಾನು ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಬಳ್ಳಾರಿಯಲ್ಲಿ ಓದಿದ್ದು, ಈಗ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ಬ್ಯಾಕ್ಟೀರಿಯಾದ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಬಾಲವಿರುವ ಪುಟ್ಟ ಸುರುಳಿ. ಮನೆಗೆ ಬಂದು ಗಂಡನಿಗೂ ಬರೆದು ತೋರಿಸಿದೆ. "ಇಷ್ಟೊಂದು ಚಂದ ಐತಿ, ಇದನ್ನ ಕೊಲ್ಲಬೇಕಾ ಮೇಡಂ?" ಅಂದರು.

ಆ ಹದಿನಾಲ್ಕು ದಿನವೂ ನಾನು ಜೂನಿಯರ್ ಕಾಲೇಜಿಗೆ ಹೊರಡುವ ಮೊದಲು ಒಂದು ಡಬ್ಬಿಯ ಮುಚ್ಚಳದಲ್ಲಿ ಮಾತ್ರೆ ಎಣಿಸಿ ಇಡುತ್ತಿದ್ದೆ. ಕೆಂಪು-ಹಳದಿ ಕ್ಯಾಪ್ಸೂಲ್ ಎರಡು, ಗುಲಾಬಿ ಕ್ಯಾಪ್ಸೂಲ್ ಒಂದು, ಬಿಳಿ ಮಾತ್ರೆ ಒಂದು. ಸಂಜೆ ಬಂದು ಮತ್ತೆ ಇಟ್ಟು, ಪೇಪರ್ ತಿದ್ದಲು ಕೋಣೆಗೆ ಹೋಗುತ್ತಿದ್ದೆ. ಅವರು ಪೂಜೆ ಮುಗಿಸಿ ಅಡುಗೆಮನೆಗೆ ಹೋಗಿ ತೆಗೆದುಕೊಳ್ಳುತ್ತಿದ್ದರು.

"ತಗೊಂಡ್ರಾ?"

"ತಗೊಂಡೆ ಮೇಡಂ. ಅಟೆಂಡೆನ್ಸ್ ಹಾಕ್ರಿ."

ಕೊನೆಯ ದಿನ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಜೋಡಿಸಿ ಬೀಸಣಿಗೆಯ ಹಾಗೆ ಹಿಡಿದು ತಂದು ನನ್ನ ಮುಖಕ್ಕೆ ಗಾಳಿ ಹಾಕಿದ್ದರು.

ಪ್ಲೇಟ್‌ಲೆಟ್ ಏರಲಿಲ್ಲ. ಆಮೇಲೆ ಸ್ಟೆರಾಯ್ಡ್, ಮುಖ ಊದಿದ್ದು, ಸಕ್ಕರೆ ಏರಿದ್ದು, ಔಷಧ ತಗ್ಗಿಸಿದ ಕೂಡಲೇ ಲೆಕ್ಕ ಇಳಿದದ್ದು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಮಾರ್ಕೆಟ್ ಯಾರ್ಡಿನಲ್ಲಿ ತಲೆನೋವು ಅಂತ ಅಂಡಿಗೆಯ ಮೇಲೆ ಕೂತರಂತೆ. ಮೆದುಳಿನಲ್ಲಿ ರಕ್ತಸ್ರಾವ. ಅಷ್ಟೇ.

ಹಾಗಾಗಿ ಈ ಸಲ, ಅಮೂಲ್ಯಳಿಗೂ ಅದೇ ಬ್ಯಾಕ್ಟೀರಿಯಾ ಇದೆ, ಅದೇ ಹದಿನಾಲ್ಕು ದಿನದ ಔಷಧ ಕೊಡೋಣ ಎಂದು ಡಾಕ್ಟರ್ ಶ್ರಾವಣಿ ಹೇಳಿದಾಗ ಬೇಡ ಅಂದವಳು ನಾನೇ.

"ನಮ್ಮ ಮನೆಯಲ್ಲಿ ಅದು ಕೆಲಸ ಮಾಡಲಿಲ್ಲ, ಮೇಡಂ. ಸುಮ್ಮನೆ ದಿನ ಕಳೆಯುವುದು ಬೇಡ."

"ಅಣ್ಣನಿಗೆ ಆಗಲಿಲ್ಲ ಅಂದರೆ ತಂಗಿಗೂ ಆಗಬಾರದು ಅಂತ ಇಲ್ಲಮ್ಮಾ," ಎಂದು ಅವರು ತೆಲುಗಿನಲ್ಲಿ ಹೇಳಿದರು. "ರಕ್ತ ಸೋರುತ್ತಿಲ್ಲ. ಮೂವತ್ತು ಸಾವಿರದ ಕೆಳಗೆ ಇಳಿದರೆ ಸ್ಟೆರಾಯ್ಡ್ ಶುರು ಮಾಡೋಣ. ಅಲ್ಲಿಯವರೆಗೆ ಇದೊಂದು ಅವಕಾಶ. ಯಾಕೆ ಬಿಡಬೇಕು?"

ಅಮೂಲ್ಯ ನನ್ನ ಮುಖ ನೋಡಿದಳು. ಅಣ್ಣನ ಊದಿದ ಮುಖ ಅವಳಿಗೆ ನೆನಪಿತ್ತು. ಸರಿ ಅಂದೆ.

ಮರುದಿನ ಬೆಳಿಗ್ಗೆ ಮುಚ್ಚಳದಲ್ಲಿ ಮಾತ್ರೆ ಎಣಿಸಿಟ್ಟು ಚಪ್ಪಲಿ ಹಾಕಿಕೊಂಡೆ. ಛತ್ರಿ ಮರೆತಿದ್ದೆ. ಅದನ್ನು ತರಲು ಒಳಗೆ ಬಂದೆ.

ಅಡುಗೆಕಟ್ಟೆಯ ಮೇಲೆ ಅತ್ತೆ ಮಸಾಲೆ ಅರೆಯುವ ಕಲ್ಲಿನ ಕಲಬತ್ತು ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಮಜ್ಜಿಗೆಯ ಬಟ್ಟಲು. ಹರಿದ ಪೇಪರಿನ ತುಂಡಿನಿಂದ ಕ್ಯಾಪ್ಸೂಲನ್ನು ಹಿಡಿದು, ಬೆರಳು ತಾಗದ ಹಾಗೆ ತಿರುಚಿ ಬಿಚ್ಚುತ್ತಿದ್ದರು. ಕೆಂಪು-ಹಳದಿ ಸಿಪ್ಪೆಗಳು ಬೇರೆ ಕಾಗದದ ಮೇಲೆ ಬಿದ್ದಿದ್ದವು. ಪುಡಿ ಬಟ್ಟಲಿನಲ್ಲಿತ್ತು. ಗುಲಾಬಿ ಕ್ಯಾಪ್ಸೂಲಿನ ಸಣ್ಣ ಬಿಳಿ ಕಾಳುಗಳನ್ನು ಅವರು ಕಲಬತ್ತಿಗೆ ಸುರಿದರು.

"ಇದೇನ್ರಿ ಅತ್ತಿ?"

"ಅಮ್ಮೂನ ಔಷಧಿ. ನಿನಗ ಹೊತ್ತಾತು, ನೀ ಹೋಗು. ನಾ ಕುಡಿಸ್ತೀನಿ."

"ಯಾಕ ಬಿಚ್ಚೀರಿ?"

"ಸಿಪ್ಪಿ ಎಲುಬಿಂದು ಅಲ್ಲೇನವಾ? ಲಿಂಗ ಕಟ್ಟಿದ ಮೈಯಾಗ ಅದನ್ನ ಹೆಂಗ ಇಳಸೂದು?" ಅವರ ದನಿಯಲ್ಲಿ ಜಗಳವಿರಲಿಲ್ಲ. "ಔಷಧಿ ಒಂದು ಕಣ ಚೆಲ್ಲಿಲ್ಲ ನೋಡು. ಈ ಕಾಳು ಗಂಟಲಿಗೆ ಸಿಗತಾವಂತ ನುಣ್ಣಗ ಅರೀತೀನಿ. ಸೋಮೂಗೂ ಹಿಂಗ ಮಾಡಿ ಕೊಟ್ಟಿದ್ದೆ."

ಶೇಂಗಾ ಪುಡಿಗೆ ಎಷ್ಟು ಬೆಳ್ಳುಳ್ಳಿ ಹಾಕಬೇಕು ಎಂದು ಹೇಳುವಂಥ ದನಿ.

"ಹದಿನಾಲ್ಕು ದಿನಾನೂ?"

"ಮತ್ತ? ಒಂದು ಹೊತ್ತು ತಪ್ಪಿಸಿಲ್ಲ ನಾ. ಭಾಳ ಕಹಿ ಅಂತಿದ್ದ ಪಾಪ. ಅರ್ಧ ಕುಡದು ಅರ್ಧ ಬಚ್ಚಲಕ್ಕ ಸುರೀತಿದ್ದ. ಎರಡು ಸಲ ಕಕ್ಕಿಕೊಂಡ."

"ನನಗ್ಯಾಕ ಹೇಳಲಿಲ್ಲ?"

ಅತ್ತೆ ಕಲಬತ್ತಿನ ಗುಂಡು ಎತ್ತಿದವರು ಹಾಗೇ ನಿಂತರು. ನಾನು ಹೀಗೆ ಕೇಳಬಹುದೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲವೇನೋ.

"ಅಂವನ ಬ್ಯಾಡ ಅಂದ. ವಿಜಿಗೆ ಹೇಳಬ್ಯಾಡ, ನಗತಾಳ ಅಂದ."

ನಾನು ನಗುತ್ತಿದ್ದೆ. ಅದು ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ ಅವರಿಗೆ ನೆಗಡಿ ಬಂದು ಯಾವುದೋ ಕ್ಯಾಪ್ಸೂಲ್ ತಂದಿದ್ದರು. ಬಾಯಿಗೆ ಹಾಕಿಕೊಳ್ಳುವಾಗ ನಾನು ಅಂದಿದ್ದೆ, "ಮೂರು ಹೊತ್ತು ಲಿಂಗಪೂಜೆ ಮಾಡ್ತೀರಿ, ಇದರ ಸಿಪ್ಪಿ ಏತರಿಂದ ಮಾಡ್ತಾರ ಗೊತ್ತೈತೇನು? ದನದ ಎಲುಬು ಬೇಯಿಸಿ." ಅವರ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೆ. ಅವರು ಕ್ಯಾಪ್ಸೂಲನ್ನು ಮೇಜಿನ ಮೇಲಿಟ್ಟರು. ಎರಡು ದಿನ ಬಿಟ್ಟು ನೋಡಿದರೂ ಅಲ್ಲೇ ಇತ್ತು. ನಾನೇ ಎತ್ತಿ ಬಿಸಾಡಿದೆ. ಆಮೇಲೆ ಮರೆತೆ. ಈ ಮನೆಯಲ್ಲಿ ಆ ಸಿಪ್ಪೆಯ ವಿಷಯ ಹೇಳಿದವಳು ನಾನೊಬ್ಬಳೇ.

ಅಡುಗೆಕಟ್ಟೆಯ ಮುಂದೆ ನಿಂತು ನನಗೆ ಬೇರೆ ಸಂಗತಿ ಹೊಳೆಯುತ್ತಿತ್ತು. ಸಿಪ್ಪೆ ತೆಗೆದದ್ದಲ್ಲ ದೊಡ್ಡ ತಪ್ಪು. ಆ ಸಣ್ಣ ಕಾಳುಗಳ ಮೇಲೆ ಒಂದು ತೆಳು ಪೊರೆ ಇರುತ್ತದೆ. ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಕೆಡದೆ ಕರುಳಿಗೆ ದಾಟಲಿ ಅಂತ. ಅರೆದರೆ ಪೊರೆ ಹೋಗುತ್ತದೆ, ಔಷಧ ಹೊಟ್ಟೆಯಲ್ಲೇ ಹಾಳಾಗುತ್ತದೆ. ಆಮ್ಲ ತಗ್ಗಿಸುವ ಔಷಧವೇ ಅದು. ಆಮ್ಲ ತಗ್ಗದಿದ್ದರೆ ಉಳಿದೆರಡು ಔಷಧಗಳಿಗೆ ಆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಲ ಸಾಲದು. ಅದರಲ್ಲೂ ಅರ್ಧ ಬಚ್ಚಲಿಗೆ ಹೋಗಿತ್ತು.

ಔಷಧ ಫಲಿಸಲಿಲ್ಲ ಎಂದು ನಾವು ಒಂದೂವರೆ ವರ್ಷ ಹೇಳಿಕೊಂಡು ಬಂದಿದ್ದೆವು. ಔಷಧವನ್ನು ಅವರು ತೆಗೆದುಕೊಂಡೇ ಇರಲಿಲ್ಲ.

ಅಮೂಲ್ಯ ತಲೆ ಬಾಚಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದಳು.

"ನಿನಗೂ ಗೊತ್ತಿತ್ತೇನು?"

"ಸಿಪ್ಪಿ ಹೊರಗ ಹಾಕಿ ಬರ್ತಿದ್ದಾಕಿ ನಾನ, ವದಿನಾ," ಅಂದಳು. ಆಮೇಲೆ, "ನೀವು ಕಸದ ಬುಟ್ಟಿ ನೋಡ್ತೀರಿ ಅಂತ ಅಣ್ಣ ದೂರ ಚೆಲ್ಲು ಅಂತಿದ್ದ."

ಮನೆಯಲ್ಲಿ ಆಗ ನಾವು ನಾಲ್ವರು. ಮೂವರಿಗೆ ಗೊತ್ತಿತ್ತು.

ನಾನು ಬಟ್ಟಲನ್ನು ಎತ್ತಿ ಬಚ್ಚಲಿಗೆ ಸುರಿದೆ.

"ಅಯ್ಯ, ಔಷಧಿ!" ಎಂದರು ಅತ್ತೆ.

"ಇದು ಔಷಧಿ ಅಲ್ರಿ. ಹಿಂಗ ಮಾಡಿದ್ರ ಕೆಲಸ ಮಾಡೂದಿಲ್ಲ. ಇಡೀದು ನುಂಗಬೇಕು."

"ಹಂಗಾದ್ರ ಬ್ಯಾಡ ಬಿಡು. ನನ್ನ ಮಗಳಿಗೆ ನಾ ಎಲುಬು ತಿನಸೂದಿಲ್ಲ." ಈಗ ದನಿ ಗಟ್ಟಿಯಾಗಿತ್ತು. "ನಿನ್ನ ಓದು ನಿನ್ನ ಹತ್ರ ಇರಲಿ. ಆ ಓದು ಅಂವನ್ನೇನು ಉಳಿಸಿತು?"

ಇದಕ್ಕೆ ಒಂದು ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಹೇಳಿದ್ದರೆ ಅವರು ಅಲ್ಲೇ ಕುಸಿಯುತ್ತಿದ್ದರು. ಹೇಳಲಿಲ್ಲ. ಕರುಣೆಯಿಂದ ಅಲ್ಲ. ಮೂವತ್ತನಾಲ್ಕು ಸಾವಿರ ಇನ್ನೊಂದು ವಾರದಲ್ಲಿ ಎಷ್ಟಾಗುತ್ತದೋ ಗೊತ್ತಿರಲಿಲ್ಲ. ಮೊದಲು ಅಮೂಲ್ಯಳ ಹೊಟ್ಟೆಗೆ ಸರಿಯಾದ ಔಷಧ ಇಳಿಯಬೇಕಿತ್ತು. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕಿತ್ತು. ಅಮೂಲ್ಯ ತಾಯಿಯ ಮಾತು ಮೀರುವವಳಲ್ಲ.

ಕಾಲೇಜಿಗೆ ಫೋನ್ ಮಾಡಿ ರಜೆ ಹೇಳಿದೆ. ಒಂಬತ್ತರ ಬಸ್ಸಿಗೆ ಅಮೂಲ್ಯಳನ್ನು ಕರೆದುಕೊಂಡು ಮತ್ತೆ ಕರ್ನೂಲಿಗೆ ಹೊರಟೆ.

ಎಮ್ಮಿಗನೂರಿನವರೆಗೆ ನಾನು ಮುಂದಿನ ಸೀಟಿನ ಕಂಬಿ ಹಿಡಿದು ರಸ್ತೆ ನೋಡುತ್ತ ಕೂತಿದ್ದೆ. ಗೋನೆಗಂಡ್ಲದಲ್ಲಿ ಬಸ್ಸು ನಿಂತಾಗ ಅಮೂಲ್ಯ ಕಿಟಕಿಯಿಂದ ಎರಡು ಬಾಳೆಹಣ್ಣು ಕೊಂಡು ಒಂದನ್ನು ನನ್ನ ತೊಡೆಯ ಮೇಲಿಟ್ಟಳು.

"ಸಿಟ್ಟಾಗೀರಿ."

"ಇಲ್ಲ."

"ಆಗ್ರಿ, ವದಿನಾ. ಬೈರಿ ಬೇಕಾದ್ರ. ಹಿಂಗ ಕುಂದರಬ್ಯಾಡ್ರಿ."

"ಅಣ್ಣ ಏನಂತಿದ್ದ? ನಾ ಕಾಲೇಜಿಗೆ ಹೋದಮ್ಯಾಲ?"

ಅವಳು ಸಿಪ್ಪೆ ಸುಲಿಯುತ್ತ ಯೋಚಿಸಿದಳು. "ಏನಿಲ್ಲ. ಮೂಗು ಹಿಡಕೊಂಡು ಕುಡೀತಿದ್ದ. ಒಂದಿನ ಅವ್ವಗ, ಇವತ್ತು ವಿಜಿ ಮುಂದ ನಿಂತು ನೋಡ್ತೀನಿ ಅಂದ್ರ ಏನ ಮಾಡೂದು ಅಂದ. ಅವ್ವ, ಆಕಿ ನಿನ್ನ ನಂಬತಾಳ ಬಿಡು, ನೋಡೂದಿಲ್ಲ ಅಂದ್ಲು. ಅಣ್ಣ ನಕ್ಕ."

ನಾನು ಬಾಳೆಹಣ್ಣು ತಿಂದೆ. ಹಸಿವಾಗಿತ್ತು.

ಡಾಕ್ಟರ್ ಶ್ರಾವಣಿ ನಮ್ಮನ್ನು ಕಂಡು ಗಾಬರಿಯಾದರು. ರಕ್ತ ಬಂತಾ ಎಂದು ಕೇಳಿದರು. ಇಲ್ಲ ಅಂದು ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅಮೂಲ್ಯಳ ಚೀಟಿಯನ್ನು ಎಳೆದುಕೊಂಡರು. ಎರಡು ಸಾಲು ಹೊಡೆದು ಎರಡು ಸಾಲು ಬರೆದರು.

"ಈ ಮೂರೂ ಈಗ ಮಾತ್ರೆ. ಕ್ಯಾಪ್ಸೂಲ್ ಒಂದೂ ಇಲ್ಲ. ಔಷಧ ಅದೇ, ಬಲ ಅದೇ. ಪುಡಿ ಮಾಡಬಾರದು, ಅಷ್ಟೇ."

ಬರೆಯಲು ಒಂದು ನಿಮಿಷ ಹಿಡಿದಿರಬಹುದು.

"ಇವು ಆಗಲೂ ಇದ್ದವಾ ಮೇಡಂ?"

"ಇದ್ದವು." ಅವರು ಪೆನ್ನಿನ ಮುಚ್ಚಳ ಹಾಕಿದರು. "ನಮ್ಮಲ್ಲಿ ಬರುವವರು ಕೇಳುತ್ತಾರಮ್ಮಾ. ಜೈನರು ಕೇಳುತ್ತಾರೆ, ರಂಜಾನ್ ತಿಂಗಳಲ್ಲಿ ಹೊತ್ತು ಬದಲಿಸಿ ಅಂತ ಕೇಳುತ್ತಾರೆ. ನಿಮ್ಮವರು ಒಂದು ಮಾತು ಅಂದಿದ್ದರೆ..."

ನಾನು ಇನ್ನೊಂದು ಕೇಳಬೇಕಿತ್ತು. "ಔಷಧ ಮುಗಿದು ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿದಿರಲ್ಲ, ಬ್ಯಾಕ್ಟೀರಿಯಾ ಹೋಗಿದೆಯಾ ಅಂತ. ಅದು ಹೋಗಿದೆ ಅಂತ ಹೇಗೆ ಬಂತು? ಔಷಧ ಕೆಟ್ಟಿದ್ದರೆ ಅದು ಹೋಗಿರಬಾರದಲ್ಲ?"

"ನಾನು ಮಾಡಲಿಲ್ಲ. ಆದೋನಿಯಲ್ಲಿ ಮಾಡಿಸಿದರಲ್ಲ ನೀವು."

"ನಾವು ಮಾಡಿಸಲಿಲ್ಲ. ಇಲ್ಲಿ ಮಾಡಿದರು, ಹುಳ ಎಲ್ಲ ಸತ್ತಾವಂತ ಅಂತ ನಮ್ಮವರು ಬಂದು ಹೇಳಿದರು."

ಡಾಕ್ಟರು ಹಳೆಯ ಫೈಲ್ ತರಿಸಿದರು. ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ಅವರದೇ ಅಕ್ಷರ. ಆದೋನಿಯಲ್ಲಿ ಪರೀಕ್ಷೆಯಾಗಿದೆ, ಸೋಂಕು ಇಲ್ಲ, ರೋಗಿ ಹೇಳಿದಂತೆ. ಅದರ ಕೆಳಗೆ, ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಾಗಲಿಲ್ಲ.

"ರಿಪೋರ್ಟು ಮನೆಯಲ್ಲಿ ಮರೆತೆ ಅಂದರು. ನಾನು ನೋಡಿಯೇ ಬರೆಯಬೇಕಿತ್ತು," ಅಂದರು. "ನಂಬಿದೆ."

ಆ ದಿನ ನನ್ನ ಗಂಡ ಒಬ್ಬರೇ ಬಂದಿದ್ದರು. ಹತ್ತಿಯ ಕೆಲಸವಿದೆ, ಅದನ್ನೂ ಮುಗಿಸಿಕೊಂಡು ಬರುತ್ತೇನೆ, ನಿನಗೆ ಯಾಕೆ ರಜೆ ಎಂದಿದ್ದರು. ನನಗೆ ಕರ್ನೂಲು ಎಂದು, ಡಾಕ್ಟರಿಗೆ ಆದೋನಿ ಎಂದು. ನಡುವೆ ತೊಂಬತ್ತು ಕಿಲೋಮೀಟರ್. ನಾನು ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಗಂಡ ಹೇಳಿದ್ದನ್ನು ಡಾಕ್ಟರಿಗೆ ಫೋನ್ ಮಾಡಿ ಯಾರು ಪರೀಕ್ಷಿಸುತ್ತಾರೆ?

ಸಿಪ್ಪೆ ತೆಗೆದದ್ದನ್ನು ನಾನು ಹೇಗೋ ಅರಗಿಸಿಕೊಳ್ಳಬಲ್ಲೆ. ನಂಬಿಕೆ ದೊಡ್ಡದು, ನಾನು ನಕ್ಕದ್ದು ನಿಜ. ಆದರೆ ಪರೀಕ್ಷೆಯನ್ನು ತಪ್ಪಿಸಿದ್ದು ನಂಬಿಕೆಗಾಗಿ ಅಲ್ಲ. ಸಿಕ್ಕಿಬೀಳಬಾರದು ಅಂತ. ಆ ಪರೀಕ್ಷೆಯಾಗಿದ್ದರೆ ಡಾಕ್ಟರು ಇನ್ನೊಮ್ಮೆ ಕೊಡುತ್ತಿದ್ದರು. ಆಗಲಾದರೂ ಮಾತು ಹೊರಗೆ ಬರುತ್ತಿತ್ತು. ನನ್ನ ಮುಂದೆ ಒಂದು ಗಳಿಗೆ ತಲೆ ತಗ್ಗಿಸುವ ಬದಲು ಅವರು ಸುಳ್ಳನ್ನು ಆರಿಸಿಕೊಂಡಿದ್ದರು. ಮತ್ತು ಆ ಸುಳ್ಳನ್ನು ನಂಬಿ ನಿನ್ನೆ ಇದೇ ಕುರ್ಚಿಯಲ್ಲಿ ಕೂತು, ಅಮೂಲ್ಯಳಿಗೆ ಈ ಔಷಧ ಬೇಡ ಎಂದವಳು ನಾನು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಶಾಂತಕ್ಕನೂ ಇದ್ದಳು. ಹೊಸ ಸ್ಟ್ರಿಪ್ಪುಗಳನ್ನು ಅವರ ಮುಂದೆ ಇಟ್ಟೆ.

"ಇದರಾಗ ಸಿಪ್ಪಿ ಇಲ್ರಿ. ಎಲುಬು ಇಲ್ಲ. ಬರೇ ಗುಳಿಗಿ."

ಅತ್ತೆ ಒಂದನ್ನು ಒತ್ತಿ ತೆಗೆದು ಅಂಗೈಯಲ್ಲಿ ಹೊರಳಿಸಿದರು. ಮೂಸಿದರು. ಶಾಂತಕ್ಕನಿಗೂ ಕೊಟ್ಟರು.

"ಸುಣ್ಣದ ಉಂಡಿ ಇದ್ದಂಗ ಐತಿ," ಅಂದಳು ಶಾಂತಕ್ಕ. "ಇದಕ್ಕೇನು ಮೈಲಿಗಿ? ನುಂಗಲಿ ಬಿಡಬೇ ನಾಗಕ್ಕ. ನಮ್ಮ ಮನಿಯವರು ಬೀಡಿ ಸೇದಿ ಪೂಜಿಗೆ ಕುಂದರತಾರ."

ಅತ್ತೆ ನಗಲಿಲ್ಲ. "ಇದು ನಡೀತೈತಿ," ಎಂದರು. ಸ್ವಲ್ಪ ತಡೆದು, "ಆ ಡಾಕ್ಟರು ಮೊದಲ ಇದನ್ನ ಕೊಟ್ಟಿದ್ರ ಏನಾಗತಿತ್ತು? ಸೋಮೂಗ ಯಾಕ ಕೊಡಲಿಲ್ಲ?"

"ಕೇಳಿದ್ರ ಕೊಡತಿದ್ರು. ಯಾರೂ ಕೇಳಲಿಲ್ಲ."

ಶಾಂತಕ್ಕ ನಮ್ಮಿಬ್ಬರ ಮುಖವನ್ನು ನೋಡಿ, ಹಾಲು ಉಕ್ಕುತ್ತದೆ ಎಂದು ಎದ್ದು ಹೋದಳು.

ಹದಿನಾಲ್ಕು ದಿನ ನಾನು ಅಮೂಲ್ಯಳ ಎದುರು ನಿಂತು ಮಾತ್ರೆ ಕೊಟ್ಟೆ. ನೀರಿನ ಲೋಟವನ್ನೂ ನಾನೇ ಹಿಡಿದೆ.

"ಬಾಯಿ ತೆರಿ."

ತೆರೆಯುತ್ತಿದ್ದಳು.

"ನಾಲಿಗಿ ಎತ್ತು."

ಎತ್ತುತ್ತಿದ್ದಳು. ಮೊದಲೆರಡು ದಿನ, "ವದಿನಾ, ಟಾರ್ಚ್ ತರಲೇನು?" ಎಂದು ಹಾಸ್ಯ ಮಾಡಿದಳು. ಮೂರನೆಯ ದಿನದಿಂದ ಹೇಳುವ ಮೊದಲೇ ಬಾಯಿ ತೆರೆದು ನಾಲಿಗೆ ಎತ್ತಿ ನಿಲ್ಲುತ್ತಿದ್ದಳು. ಐದನೆಯ ದಿನ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಅನ್ನುತ್ತಿದೆ ಎಂದಳು. ಎಂಟನೆಯ ದಿನ ಹೊಟ್ಟೆ ಕೆಟ್ಟಿತು. ಬಿಡಲಿಲ್ಲ. ಅವಳೂ ಬಿಡು ಎನ್ನಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಇದನ್ನೆಲ್ಲ ದಿನವೂ ನೋಡುತ್ತಿದ್ದರು. ಒಂದು ಸಲ ಮಾ‌ತ್ರ, "ಆಕಿ ನುಂಗೀನಿ ಅಂದ್ರ ಸಾಲದೇನು? ಕಳ್ಳರನ್ನ ನೋಡಿದಂಗ ನೋಡ್ತೀ," ಎಂದರು.

"ಸಾಲೂದಿಲ್ರಿ," ಅಂದೆ.

ಗೋಡೆಯ ಮೇಲಿನ ಸೋಮೇಶರ ಫೋಟೋಗೆ ಬೆಳಿಗ್ಗೆ ವಿಭೂತಿ ಹಚ್ಚುವುದು ನನ್ನ ಕೆಲಸವಾಗಿತ್ತು. ಆ ದಿನಗಳಲ್ಲಿ ಹಚ್ಚಲಿಲ್ಲ. ಅತ್ತೆ ಹಚ್ಚಿದರು. ಗಂಡನೊಂದಿಗೆ ಜಗಳವಾಡಬೇಕೆಂದು ನನಗೆ ತುಂಬ ಅನ್ನಿಸುತ್ತಿತ್ತು. ತಟ್ಟೆ ಎಸೆಯುವಂಥ, ತವರಿಗೆ ಹೋಗಿ ಕೂರುವಂಥ ಜಗಳ. ಅವರು ಅಲ್ಲಿಗೆ, ನಂದವರಂಗೆ, ಬಂದು ನಮ್ಮಪ್ಪನ ಮುಂದೆ ಬೆವರುತ್ತ ಕೂತು, ತಪ್ಪಾಯಿತು ಎನ್ನಬೇಕಿತ್ತು. ನಾನು ಎರಡು ದಿನ ಮಾತಾಡಿಸದೆ ಮೂರನೆಯ ದಿನ ಬಸ್ಸು ಹತ್ತಬೇಕಿತ್ತು.

ಔಷಧ ಮುಗಿದ ದಿನ ಅಮೂಲ್ಯಳ ಲೆಕ್ಕ ಮೂವತ್ತೊಂಬತ್ತು ಸಾವಿರ. ಇಷ್ಟು ಏರುಪೇರು ಸಹಜ, ಇದಕ್ಕೆ ಅರ್ಥವಿಲ್ಲ ಎಂದರು ಡಾಕ್ಟರು. ಎರಡು ವಾರಕ್ಕೆ ಐವತ್ತೆಂಟು. ನಾಲ್ಕು ವಾರಕ್ಕೆ ಎಂಬತ್ತಮೂರು. ಆರು ವಾರಕ್ಕೆ ನಾವಿಬ್ಬರೂ ಕರ್ನೂಲಿಗೆ ಹೋಗಿ, ಹೊಟ್ಟೆಯ ಪರೀಕ್ಷೆಯನ್ನೂ ರಕ್ತವನ್ನೂ ಅಲ್ಲೇ ಕೊಟ್ಟೆವು. ರಿಪೋರ್ಟು ಬರುವವರೆಗೆ ಬೆಂಚಿನ ಮೇಲೆ ಕೂತೆವು. ಎರಡೂ ಕಾಗದಗಳನ್ನು ನಾನೇ ಕೈಯಾರೆ ಇಸಿದುಕೊಂಡು ಓದಿದೆ. ಬ್ಯಾಕ್ಟೀರಿಯಾ ಇಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷ ಹನ್ನೆರಡು ಸಾವಿರ.

ಅಮೂಲ್ಯ ಆಸ್ಪತ್ರೆಯ ವರಾಂಡದಲ್ಲೇ ನನ್ನನ್ನು ತಬ್ಬಿಕೊಂಡಳು. ನಾನು ಅವಳ ಬೆನ್ನು ತಟ್ಟಿದೆ. ನನಗೂ ಸಂತೋಷವಾಯಿತು. ಆದರೆ ಔಷಧ ಕೆಲಸ ಮಾಡುತ್ತದೆ ಎನ್ನುವುದು ಈಗ ನಮ್ಮ ಮನೆಯಲ್ಲೇ ಸಾಬೀತಾಗಿತ್ತು.

ಮನೆಗೆ ಬಂದ ಕೂಡಲೇ ಅಮೂಲ್ಯ ಕೂಗಿಕೊಂಡು ಒಳಗೆ ಹೋದಳು. ಅತ್ತೆ ದೇವರ ಮುಂದೆ ಸಕ್ಕರೆ ಇಟ್ಟು, ಅದನ್ನೇ ತಂದು ನನ್ನ ಬಾಯಿಗೆ ಹಾಕಿದರು. ಶಾಂತಕ್ಕನ ಮನೆಗೂ ಒಂದು ಬಟ್ಟಲು ಕಳಿಸಿದರು. "ನಮ್ಮವ್ವ, ನೀ ಉಳಿಸಿದಿ ನನ್ನ ಮಗಳನ್ನ," ಎಂದು ನನ್ನ ಗದ್ದ ಹಿಡಿದರು. ಮದುವೆಯಾದಂದಿನಿಂದ ಅವರು ಹಾಗೆ ಹಿಡಿದದ್ದು ಅದೇ ಮೊದಲು.

ಅಮೂಲ್ಯ ಸ್ನಾನಕ್ಕೆ ಹೋದಳು. ನಾನು ಜಗಲಿಯಲ್ಲಿ ಕೂತು ಕಾಗದಗಳನ್ನು ಫೈಲಿಗೆ ಸೇರಿಸುತ್ತಿದ್ದೆ. ಅತ್ತೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಸೊಸೆಗಿಂತ ಕೆಳಗೆ ಅವರು ಎಂದೂ ಕೂರುವವರಲ್ಲ. ಸೆರಗಿನ ತುದಿಯಲ್ಲಿ ಸಕ್ಕರೆಯ ಹರಳು ಅಂಟಿದ್ದವು. ಅವನ್ನು ಒಂದೊಂದೇ ಬಿಡಿಸಿದರು.

"ವಿಜಿ."

"ಏನ್ರಿ?"

"ಅಂವಗೂ ಇದ ಔಷಧಿ ಅಲ್ಲೇನು ಕೊಟ್ಟಿದ್ದು?"

"ಹೌದ್ರಿ. ಇದ."

"ನಾ ಅರದದ್ದಕ್ಕ ಕೆಟ್ಟಿತೇನು?"

ಎಂಟು ವಾರ ಈ ಪ್ರಶ್ನೆ ಬರಲಿ ಎಂದು ಕಾದಿದ್ದೆ. ಬಂದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಅಕ್ಕಿ ಆರಿಸುವಾಗ ಜೋಡಿಸಿಟ್ಟುಕೊಂಡಿದ್ದೆ. ಪೊರೆಯ ಬಗ್ಗೆ, ಆಮ್ಲದ ಬಗ್ಗೆ, ಬಚ್ಚಲಿಗೆ ಹೋದ ಅರ್ಧದ ಬಗ್ಗೆ.

"ಹೌದ್ರಿ. ಅರದ್ರ ಕೆಡತೈತಿ," ಅಂದೆ.

ಅವರು ತಲೆಯಾಡಿಸಿದರು, ಪೇಟೆಯಲ್ಲಿ ಬೆಲೆ ಕೇಳಿ ತಲೆಯಾಡಿಸುವ ಹಾಗೆ. ಬೀದಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್ ಹೋಯಿತು.

"ಸರಿಯಾಗಿ ಕೊಟ್ಟಿದ್ರ ಅಂವ ಉಳೀತಿದ್ನೇನು?"

"ಗೊತ್ತಿಲ್ರಿ. ನೂರು ಮಂದ್ಯಾಗ ಐವತ್ತು ಮಂದಿಗೆ ಹತ್ತತೈತಿ. ಐವತ್ತು ಮಂದಿಗೆ ಇಲ್ಲ."

"ಅಂವ ಯಾವ ಐವತ್ತರಾಗ ಇದ್ದ?"

"ಅದನ್ನ ತಿಳಕೊಳ್ಳಾಕಂತನ ಆ ಔಷಧಿ ಕೊಟ್ಟಿದ್ರು, ಅತ್ತಿ."

ಅವರ ಕೈ ಸೆರಗಿನ ಮೇಲೆ ನಿಂತಿತು. ನಾನು ಅವರ ಪಕ್ಕಕ್ಕೆ ಸರಿದು ಕೂತಿದ್ದರೆ ಅವರು ಒರಗಿಕೊಳ್ಳುತ್ತಿದ್ದರು ಅನ್ನಿಸಿತು. ಅಷ್ಟು ಹತ್ತಿರವಿದ್ದರು. ನಾನು ಸರಿಯಲಿಲ್ಲ. ಫೈಲಿನ ದಾರ ಕಟ್ಟಿ ಒಳಗೆ ಹೋದೆ.